ಏಳದ ಲ್ಯಾಪ್‌ಟಾಪು, ಮಿರ್ಲೆಯ ಇಬ್ಬರು ಹೆಂಗಸರು

ದೀಪ ಹಚ್ಚುವ ಹೊತ್ತು. ಮಿರ್ಲೆಯ ತಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದ ವಾಣಿಶ್ರೀ, ಮುಂದಿನ ಮಣೆಯ ಮೇಲಿದ್ದ ಲ್ಯಾಪ್‌ಟಾಪಿನ ಬಲತುದಿಯ ಗುಂಡಿಯನ್ನು ಹುಡುಕಿ ಒತ್ತಿದರು. ಒಳಗೆ ಫ್ಯಾನು ತಿರುಗತೊಡಗಿತು. ಅವರು ತಲೆ ಬಾಗಿಸಿ ಕಿವಿಯನ್ನು ಕೀಲಿಮಣೆಯ ಹತ್ತಿರಕ್ಕೆ ತಂದರು. ಕಾಯುತ್ತಿದ್ದುದು ಒಂದು ಬೀಪ್ ಸದ್ದಿಗೆ. ಫ್ಯಾನು ತುಸು ಹೊತ್ತು ಓಡಿತು. ನಿಂತಿತು. ಬೀಪ್ ಬರಲಿಲ್ಲ.

"ಅತ್ತೆ, ಏನ್ ಕಾಣ್ತು?"

"ಬೆಳಕು ಬಂತು. ಆಮೇಲೆ ಕಪ್ಪಾಯ್ತು ಕಣವ್ವ" ಎಂದರು ಪಕ್ಕದಲ್ಲಿ ಕೂತಿದ್ದ ಕೆಂಪಾಜಮ್ಮ.

"ಮಧ್ಯದಲ್ಲಿ ಏನೂ ಬರಲಿಲ್ವಾ? ಅಕ್ಷರ?"

"ನಾನೇನು ಸುಳ್ಳೇಳ್ತೀನಾ? ಬೆಳಕು ಬಂತು, ಹೋಯ್ತು. ಅಷ್ಟೇಯ."

ವಾಣಿಶ್ರೀಗೆ ಮೂವತ್ತಾರು ವರ್ಷ. ನಾಲ್ಕನೇ ತರಗತಿಯಲ್ಲಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ಮೈಸೂರಿನ ಅಂಧ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಓದಿ, ಅಲ್ಲೇ ಬೆರಳಚ್ಚು ಕಲಿತರು. ಹನ್ನೆರಡು ವರ್ಷದಿಂದ ಕೆ.ಆರ್.ನಗರದಲ್ಲಿ ಪತ್ರ ಬರಹಗಾರ ನಂಜಣ್ಣನವರ ಕೋಣೆಯಲ್ಲಿ ಕೂತು ಅರ್ಜಿ, ಕರಾರು, ಅಫಿಡವಿಟ್‌ಗಳನ್ನು ಟೈಪ್ ಮಾಡುತ್ತಾರೆ. ಹೇಳುವವರು ಹೇಳುತ್ತಾರೆ, ಇವರು ಹೊಡೆಯುತ್ತಾರೆ. ಹೊಡೆದದ್ದನ್ನು ಲ್ಯಾಪ್‌ಟಾಪಿನೊಳಗಿನ ದನಿ ಕಿವಿಗೆ ಓದಿ ಹೇಳುತ್ತದೆ. ಸರ್ವೆ ನಂಬರು, ಜಮೀನಿನ ನಾಲ್ಕು ದಿಕ್ಕಿನ ಚೆಕ್ಕುಬಂದಿಗಳಲ್ಲಿ ಇವರ ಕೈಯಿಂದ ತಪ್ಪು ಬರುವುದು ಕಡಿಮೆ ಎಂದು ಆ ಕೋಣೆಗೆ ಬರುವವರೆಲ್ಲ ಬಲ್ಲರು.

ಆ ದನಿಗೊಂದು ಮಿತಿಯಿದೆ. ಲ್ಯಾಪ್‌ಟಾಪು ಪೂರ್ತಿ ಎದ್ದ ಮೇಲೆ ಮಾತ್ರ ಅದು ಮಾತಾಡುತ್ತದೆ. ಗುಂಡಿ ಒತ್ತಿದ ಕ್ಷಣದಿಂದ ಅಲ್ಲಿಯವರೆಗಿನದೆಲ್ಲ ಪರದೆಯ ಮೇಲೆ ಬರಿಯ ಅಕ್ಷರ. ಆ ಹೊತ್ತಿನಲ್ಲಿ ಏನಾದರೂ ಕೆಟ್ಟರೆ ಕಣ್ಣಿರುವವರು ಬೇಕು. ಹನ್ನೊಂದು ವರ್ಷ ಆ ಕಣ್ಣು ಅವರ ಗಂಡ ದೇವರಾಜು ಅವರದಾಗಿತ್ತು. ಅವರೂ ಅದೇ ಕೋಣೆಯಲ್ಲಿ ನಂಜಣ್ಣನವರ ಸಹಾಯಕರು. ಬೆಳಿಗ್ಗೆ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೆ.ಆರ್.ನಗರಕ್ಕೆ ಹೋಗಿ ಸಂಜೆ ಹಾಗೆಯೇ ಬರುತ್ತಿದ್ದರು. ಲ್ಯಾಪ್‌ಟಾಪು ತಕರಾರು ಮಾಡಿದ ದಿನ ಪರದೆ ನೋಡಿ ಓದಿ ಹೇಳುತ್ತಿದ್ದರು, ಯಾವ ಕೀಲಿ ಒತ್ತಬೇಕೆಂದು ವಾಣಿಶ್ರೀ ಹೇಳುತ್ತಿದ್ದರು. ಹೋದ ಫೆಬ್ರವರಿಯಲ್ಲಿ ಎದೆನೋವು ಬಂದು ದೇವರಾಜು ತೀರಿಕೊಂಡರು. ಮನೆಯಲ್ಲಿ ಈಗ ವಾಣಿಶ್ರೀ ಮತ್ತು ದೇವರಾಜು ಅವರ ತಾಯಿ ಕೆಂಪಾಜಮ್ಮ, ಇಬ್ಬರೇ.

ದೀಪಾವಳಿ ಮುಗಿದ ವಾರ ಒಂದು ಬೆಳಿಗ್ಗೆ ಲ್ಯಾಪ್‌ಟಾಪು ಏಳಲಿಲ್ಲ. ಒಳಗಿದ್ದ ಹಳೆಯ ವಿಂಡೋಸ್ ಕೆಟ್ಟಿತ್ತು. ಕಂಪ್ಯೂಟರ್ ಅಂಗಡಿಯವರು ನೋಡಿ, ಹೊಸ ವಿಂಡೋಸ್ ಇಷ್ಟು ಹಳೆಯ ಯಂತ್ರವನ್ನು ಒಪ್ಪುವುದಿಲ್ಲ, ಇದನ್ನು ಬಿಟ್ಟು ಹೊಸದು ಕೊಳ್ಳಿ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹೊಸದು ಕೊಳ್ಳುವುದು ಸದ್ಯಕ್ಕೆ ಆಗುವ ಮಾತಾಗಿರಲಿಲ್ಲ.

ನಂಜಣ್ಣ ಕೆಟ್ಟವರಲ್ಲ. ದೇವರಾಜು ಸತ್ತಾಗ ಮಣ್ಣಿಗೆ ಬಂದು ಹೆಗಲು ಕೊಟ್ಟವರು. ಆದರೆ ಅವರ ಕೋಣೆಯಲ್ಲಿ ಇರುವುದು ಎರಡೇ ಮೇಜು. ಒಂದರಲ್ಲಿ ಅವರು ಕೂರುತ್ತಾರೆ. ಇನ್ನೊಂದಕ್ಕೆ ಸ್ವಂತ ಪ್ರಿಂಟರ್ ತರುತ್ತೇನೆ ಎಂದು ಚಂದು ಎಂಬ ಟೈಪಿಸ್ಟ್ ಕೇಳುತ್ತಿದ್ದ. ಅವರು ವಾಣಿಶ್ರೀಯನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದರು.

"ವಾಣವ್ವ, ನಿನ್ನ ಕೈ ಬಗ್ಗೆ ನಾನೇನೂ ಅನ್ನಾಕಿಲ್ಲ. ದೇವರಾಜಿದ್ದ, ಮಿಷನ್ನು ನಿಂತ್ರೆ ಅವ್ನು ನೋಡ್ತಿದ್ದ. ನಾಳಿಕೆ ನಿಂತ್ರೆ ಯಾರು ನೋಡ್ತಾರೆ? ನಾನು ಗಿರಾಕಿ ಬುಟ್ಟು ಅದ್ರ ಮುಂದೆ ಕೂರಾಕಾದದಾ?"

"ನಾನೇ ನೋಡ್ಕತೀನಿ ನಂಜಣ್ಣ."

"ಎಂಗೆ ನೋಡ್ಕತೀಯ, ಅದ್ನ ಹೇಳು."

ನಂಜಣ್ಣ ಕೊನೆಗೆ ಕಾರ್ತಿಕದ ಕಡೇ ಸೋಮವಾರದ ತನಕ ಮೇಜು ಖಾಲಿ ಇಟ್ಟಿರ್ತೀನಿ ಎಂದರು. ಅಷ್ಟರಲ್ಲಿ ಲ್ಯಾಪ್‌ಟಾಪು ಎದ್ದು, ಅದನ್ನು ಏಳಿಸುವ ದಾರಿಯೂ ವಾಣಿಶ್ರೀ ಕೈಯಲ್ಲೇ ಇದ್ದರೆ ಮೇಜು ಅವರದು. ಇಲ್ಲದಿದ್ದರೆ ಚಂದುವಿನದು.

ಹುಣಸೂರಿನ ಮುಬಷೀರ್ ದೇವರಾಜು ಅವರ ಸ್ನೇಹಿತ. ಅವರ ಮನೆತನದ್ದು ಮರಗೆಲಸ. ತಂದೆ ಜಾನ್ ಪಾಷಾ ಮಾಡಿದ ಬೀಟೆ ಮರದ ಮಂಚಗಳು ಇವತ್ತಿಗೂ ಹುಣಸೂರಿನ ಕೆಲವು ಮನೆಗಳಲ್ಲಿವೆ. ಮುಬಷೀರ್ ಮಾತ್ರ ಅಪ್ಪನ ಅಂಗಡಿಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು, ಕಂಪನಿ ಕೈಬಿಟ್ಟ ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಓಡಿಸಿಕೊಡುತ್ತಾರೆ. ವಾಣಿಶ್ರೀ ಫೋನು ಮಾಡಿದಾಗ ಅವರು, ಲ್ಯಾಪ್‌ಟಾಪು ಹುಣಸೂರಿಗೆ ತನ್ನಿ, ಒಂದು ಮಧ್ಯಾಹ್ನದ ಕೆಲಸ ಎಂದರು.

ವಾಣಿಶ್ರೀ ಬೇಡವೆಂದರು. "ನೀವು ಮಾಡ್ಕೊಟ್ರೆ ಇವತ್ತಿಗೆ ಏಳುತ್ತೆ. ಮುಂದಿನ ತಿಂಗಳು ನಿಂತ್ರೆ ಮತ್ತೆ ನಿಮ್ಮತ್ರ ಬರಬೇಕು. ನಂಜಣ್ಣ ಕೇಳಿರೋದು ಅದನ್ನೇ ಅಲ್ವಾ?"

"ಅಕ್ಕ, ಇನ್‌ಸ್ಟಾಲ್ ಮಾಡೋದು ಅಂದ್ರೆ ಸ್ಕ್ರೀನ್ ನೋಡಬೇಕಾಗ್ತದೆ."

"ಅತ್ತೆ ನೋಡ್ತಾರೆ."

ಫೋನಿನ ಆ ಬದಿಯಲ್ಲಿ ಉಳಿ ಸದ್ದು ಕೇಳುತ್ತಿತ್ತು. "ಅಜ್ಜಿಗೆ ಇಂಗ್ಲಿಷ್ ಬತ್ತದಾ?" ಎಂದರು ಮುಬಷೀರ್.

"ಕನ್ನಡಾನೇ ಸಹಿ ಮಾಡೋವಷ್ಟು."

ಮುಬಷೀರ್ ಮತ್ತೆ ಒತ್ತಾಯಿಸಲಿಲ್ಲ. ಒಂದು ಪೆನ್‌ಡ್ರೈವಿನಲ್ಲಿ ಬೇಕಾದದ್ದು ತುಂಬಿ, ಕೆ.ಆರ್.ನಗರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರು. ಈ ಹಳೆಯ ಯಂತ್ರಕ್ಕೆ ಹೊಂದಲಿ ಎಂದು ಅದರಲ್ಲಿ ಹಾಕಿದ್ದೂ ಸ್ವಲ್ಪ ಹಳೆಯ ಆವೃತ್ತಿಯೇ. ಕಣ್ಣಿಲ್ಲದವರಿಗೂ ಅನುಕೂಲ ಇರುವ ವ್ಯವಸ್ಥೆ ಅದು. ಪೆನ್‌ಡ್ರೈವ್ ಹಾಕಿ ಆನ್ ಮಾಡಿದರೆ ಲ್ಯಾಪ್‌ಟಾಪು ಒಮ್ಮೆ ಬೀಪ್ ಎನ್ನುತ್ತದೆ. ಆಗ ಎಸ್ ಕೀಲಿ ಒತ್ತಿ ಎಂಟರ್ ಒತ್ತಿದರೆ ದನಿ ಬರುತ್ತದೆ. ಅಲ್ಲಿಂದ ಮುಂದಿನದನ್ನೆಲ್ಲ ಆ ದನಿಯೇ ಓದಿ ಹೇಳುತ್ತದೆ, ಯಾರ ಕಣ್ಣೂ ಬೇಕಾಗಿಲ್ಲ. ಬೀಪ್ ಬರುವ ತನಕ ಮಾತ್ರ ಕಣ್ಣು ಬೇಕು.

ಮೊದಲ ಕೆಲಸ, ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೆ ಹೋಗದೆ ಮೊದಲು ಪೆನ್‌ಡ್ರೈವನ್ನು ನೋಡು ಎಂದು ಯಂತ್ರಕ್ಕೆ ಹೇಳಬೇಕು. ಅದಕ್ಕೊಂದು ಸೆಟ್ಟಿಂಗ್ ಪರದೆ ಇದೆ, ನೀಲಿ ಬಣ್ಣದ್ದು. ಆನ್ ಮಾಡಿದ ಕೂಡಲೇ ಎಫ್ ಎರಡು ಎಂಬ ಕೀಲಿಯನ್ನು ಬಿಡದೆ ಒತ್ತುತ್ತಿದ್ದರೆ ಅದು ತೆರೆದುಕೊಂಡು ನಿಲ್ಲುತ್ತದೆ. ಕಾಗದ ಓದಿ ಹೇಳುವ ಆ್ಯಪ್ ವಾಣಿಶ್ರೀಯ ಫೋನಿನಲ್ಲಿದೆ. ಹೊಳೆಯುವ ಪರದೆಯ ಮುಂದೆ ಹಿಡಿದರೆ ಅದು ತೊದಲಿತು, ಅರ್ಧರ್ಧ ಅಕ್ಷರ ಹೇಳಿ ಸುಮ್ಮನಾಯಿತು. ಕೆಂಪಾಜಮ್ಮ ವಾಣಿಶ್ರೀಯ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಲು ನೋಡಿದರು. ಕಚಗುಳಿಯಾಯಿತೇ ಹೊರತು ಅಕ್ಷರ ತಿಳಿಯಲಿಲ್ಲ.

ಕಣ್ಣು ಹೋಗುವ ಮೊದಲು ವಾಣಿಶ್ರೀ ಇಂಗ್ಲಿಷ್ ಅಕ್ಷರಗಳನ್ನು ಸ್ಲೇಟಿನ ಮೇಲೆ ಬರೆದಿದ್ದರು. ಆಕಾರ ನೆನಪಿದೆ. ಕೆಂಪಾಜಮ್ಮನವರಿಗೆ ಅಕ್ಷರ ಬಾರದು, ಆದರೆ ಆಕಾರ ಅವರ ಕೈಯಲ್ಲಿದೆ. ಬೀದಿಯಲ್ಲಿ ಯಾರ ಮನೆ ಮುಂದಿನ ರಂಗೋಲಿಯನ್ನಾದರೂ ನಡೆದು ಹೋಗುತ್ತಾ ಒಮ್ಮೆ ನೋಡಿ, ಮಾರನೆ ದಿನ ಚುಕ್ಕಿ ತಪ್ಪದೆ ತಮ್ಮ ಅಂಗಳದಲ್ಲಿ ಇಡುತ್ತಿದ್ದವರು. ಫೆಬ್ರವರಿಯಿಂದ ಇಟ್ಟಿಲ್ಲ. ಸಾವಾದ ಮನೆಯ ಮುಂದೆ ವರ್ಷ ತುಂಬುವ ತನಕ ರಂಗೋಲಿ ಇಡುವುದಿಲ್ಲ.

"ಮೊರದಲ್ಲಿ ಹಿಟ್ಟು ಹರವಿ ಅದ್ರ ಮೇಲೆ ಗೀಚಿ ಅತ್ತೆ. ನಾನು ಮುಟ್ಟಿ ನೋಡ್ತೀನಿ" ಎಂದರು ವಾಣಿಶ್ರೀ.

ಕೆಂಪಾಜಮ್ಮ ಕೂಡಲೇ ಒಪ್ಪಲಿಲ್ಲ. "ಈ ವರ್ಸ ಪುಡಿ ಮುಟ್ಟಂಗಿಲ್ಲ ಕಣ ಮಗ."

"ರಂಗೋಲಿ ಪುಡಿ ಅಲ್ಲ ಅತ್ತೆ, ರಾಗಿ ಹಿಟ್ಟು. ಮುದ್ದೆಗೆ ದಿನಾ ಮುಟ್ತೀರಲ್ಲ."

ಕೆಂಪಾಜಮ್ಮ ಎದ್ದು ಹೋಗಿ ಮೊರ ತಂದರು. ಹಿಟ್ಟನ್ನು ತೆಳ್ಳಗೆ ಹರವಿ, ಪರದೆ ನೋಡಿ, ತೋರುಬೆರಳಿನಿಂದ ಮೊದಲ ಸಾಲಿನ ಆಕಾರಗಳನ್ನು ಎಳೆದರು. ವಾಣಿಶ್ರೀ ಆ ಗೆರೆಗಳೊಳಗೆ ಬೆರಳಾಡಿಸಿದರು. ಒಮ್ಮೆ ಓದಿದ ಗೆರೆ ಹಿಟ್ಟಿನಲ್ಲಿ ಕದಡಿಹೋಗುತ್ತದೆ, ಆದ್ದರಿಂದ ಒಮ್ಮೆಗೇ ಓದಬೇಕು. "ಬಿ... ಎರಡು ಸೊನ್ನೆ... ಟಿ. ಬೂಟ್. ಇದೇ ಸಾಲು ಅತ್ತೆ." ಹಾಗೆ ಒಂದೊಂದೇ ಸಾಲು ಮುಟ್ಟಿ, ಬಾಣದ ಕೀಲಿ ಒತ್ತಿ, ಪೆನ್‌ಡ್ರೈವಿನ ಸಾಲನ್ನು ಮೇಲಕ್ಕೆ ತಂದರು. ಒಂದು ಸಂಜೆ ಅದಕ್ಕೇ ಹೋಯಿತು.

ಆದರೂ ಬೀಪ್ ಬರಲಿಲ್ಲ. ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ನಿಲ್ಲುತ್ತದೆ. ಯಂತ್ರ ತಾನಾಗಿ ಆಫ್ ಆಗುತ್ತದೆ.

"ಏನಾದ್ರೂ ಬರ್ದು ಬತ್ತದಾ ಸ್ಕ್ರೀನಲ್ಲಿ?" ಮುಬಷೀರ್ ಫೋನಿನಲ್ಲಿ ಕೇಳಿದರು.

"ಏನೂ ಇಲ್ಲ ಅಂತಾರೆ ಅತ್ತೆ. ಬೆಳಕು ಬಂದು ಕಪ್ಪಾಗುತ್ತೆ."

ಏನೂ ಬರೆದು ಬರದೆ ಯಂತ್ರ ಆಫ್ ಆದರೆ ದೋಷ ಒಳಗಿನ ಭಾಗಗಳಲ್ಲಿರುತ್ತದೆ ಎಂಬುದು ಮುಬಷೀರ್ ಅವರ ಅನುಭವ. ಪೆನ್‌ಡ್ರೈವನ್ನು ಯಂತ್ರ ಒಪ್ಪದಿದ್ದರೆ ಒಪ್ಪಲಿಲ್ಲ ಎಂದು ಬರೆದಾದರೂ ಹೇಳುತ್ತದೆ. ಆದ್ದರಿಂದ ಅವರು ಹೇಳಿದ್ದನ್ನೆಲ್ಲ ವಾಣಿಶ್ರೀ ಮಾಡಿದರು. ಬೇರೆ ತೂತಿಗೆ ಪೆನ್‌ಡ್ರೈವ್ ಹಾಕಿದರು. ಬ್ಯಾಟರಿ ಕಳಚಿ ಬರೀ ವೈರಿನ ಮೇಲೆ ಓಡಿಸಿದರು. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸಣ್ಣ ಸ್ಕ್ರೂಗಳನ್ನು ಬಿಚ್ಚಿ ಕುಂಕುಮದ ಬಟ್ಟಲಲ್ಲಿ ಇಟ್ಟುಕೊಂಡು, ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಹಲ್ಲುಗಳನ್ನು ಸ್ಕೂಲು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಮುಬಷೀರ್ ಇನ್ನೊಂದು ಪೆನ್‌ಡ್ರೈವನ್ನೂ ಬಸ್ಸಿನಲ್ಲಿ ಕಳಿಸಿದರು. ಎಲ್ಲದಕ್ಕೂ ಉತ್ತರ ಒಂದೇ. ಬೆಳಕು ಬಂತು, ಕಪ್ಪಾಯ್ತು.

ಫೋನಿನಲ್ಲಿ ಚಿತ್ರ ತೆಗೆಯುವುದನ್ನೂ ನೋಡಿದರು. ವಾಣಿಶ್ರೀ ಫೋನನ್ನು ಪರದೆಯೆದುರು ಹಿಡಿದು ಕಾದರು. ಕೆಂಪಾಜಮ್ಮ "ಈಗ" ಎಂದಾಗ ಒತ್ತಿದರು. ಚಿತ್ರ ಹುಣಸೂರಿಗೆ ಹೋಯಿತು. "ಬರೀ ಕಪ್ಪು ಕಣಕ್ಕ" ಎಂದು ಉತ್ತರ ಬಂತು. ಅದರೊಂದಿಗೇ ಮುಬಷೀರ್ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ಮದರ್‌ಬೋರ್ಡೇ ಹೋಗಿರಬೋದು. ಅಂಗಾಗಿದ್ರೆ ಇದು ನನ್ನ ಕೈಲೂ ಆಗಕಿಲ್ಲ."

ಆ ಶುಕ್ರವಾರ ವಾಣಿಶ್ರೀ ಊಟಕ್ಕೆ ಕೂತರೂ ತಟ್ಟೆಗೆ ಕೈ ಹಾಕಲಿಲ್ಲ. ಕೆಂಪಾಜಮ್ಮ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಅವರ ಕೈಗೇ ಕೊಟ್ಟರು.

"ಮೇಜು ಹೋದ್ರೆ ಹೋಯ್ತದೆ ಬುಡು ಮಗ. ಎಮ್ಮೆ ಅದೆ, ಗದ್ದೆ ಗುತ್ತಿಗೆ ಬತ್ತದೆ. ಉಪಾಸ ಏನಿರಕಿಲ್ಲ."

"ಉಪವಾಸದ ಮಾತಲ್ಲ ಅತ್ತೆ. ಅಲ್ಲಿಗೆ ಹೋದ್ರೆ ಜನ ನಾಕು ಮಾತು ಕೇಳ್ತಾರೆ, ಕೆಲಸ ಹೇಳ್ತಾರೆ. ಇಲ್ಲೇ ಕೂತ್ರೆ ನನ್ನನ್ನ ಯಾರು ಏನು ಕೇಳ್ತಾರೆ?"

ಕೆಂಪಾಜಮ್ಮ ತಟ್ಟೆ ಎತ್ತಿಕೊಂಡು ಹೋದರು.

ಶನಿವಾರ ಸಂಜೆ ಮತ್ತೆ ಕೂತರು. ಹೊಸದಾಗಿ ಮಾಡುವುದೇನೂ ಉಳಿದಿರಲಿಲ್ಲ, ಅಭ್ಯಾಸದಂತೆ ಕೂತರು. ಅಂದು ಬೀದಿ ನಿಶ್ಶಬ್ದವಾಗಿತ್ತು. ಎದುರುಮನೆಯ ಟಿ.ವಿ.ಯೂ ಇಲ್ಲ. ವಾಣಿಶ್ರೀ ಗುಂಡಿ ಒತ್ತಿದರು. ಫ್ಯಾನು ಹೊರಟಿತು. ಅದರ ಸದ್ದಿನ ಜೊತೆಗೆ ಪಕ್ಕದಲ್ಲಿ ಇನ್ನೊಂದು ಸದ್ದು ಕೇಳಿತು. ಎರಡು ಅಂಗೈ ಒಂದಕ್ಕೊಂದು ತಾಗಿದ್ದು, ಆಮೇಲೆ ತುಟಿಯಲ್ಲೇ ಏನೋ ಗುನುಗಿದ್ದು. ಗುನುಗು ಮುಗಿಯುವುದಕ್ಕೂ ಫ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

"ಬೆಳಕು ಬಂತು, ಕಪ್ಪಾಯ್ತು" ಎಂದರು ಕೆಂಪಾಜಮ್ಮ.

ವಾಣಿಶ್ರೀ ಅವರತ್ತ ತಿರುಗಿ ಕೇಳಿದರು. "ಅತ್ತೆ, ಬೆಳಕು ಬಂದಾಗ ಏನ್ ಮಾಡ್ತೀರಿ?"

"ಏನ್ ಮಾಡಾರು? ಕೈ ಮುಗೀತೀನಿ."

"ಕಣ್ಣು ಮುಚ್ಕೊಂಡಾ?"

"ದೀಪ ಅತ್ತುವಾಗ ಕಣ್ಣು ಬುಟ್ಕಂಡು ಯಾರು ಕೈ ಮುಗೀತಾರೆ?"

ಈ ಸೀಮೆಯ ಮನೆಗಳಲ್ಲಿ ಸಂಜೆ ಕರೆಂಟಿನ ದೀಪ ಹಾಕಿದರೂ ಹಿರಿಯರು ಒಂದು ಕ್ಷಣ ಕಣ್ಣುಮುಚ್ಚಿ ಕೈ ಮುಗಿಯುತ್ತಾರೆ. ಅದನ್ನು ಯಾರೂ ಗಮನಿಸುವುದಿಲ್ಲ, ಮುಗಿಯುವವರಿಗೂ ಅದರ ಗಮನವಿರುವುದಿಲ್ಲ. ಕೆಂಪಾಜಮ್ಮನವರಿಗೆ ಲ್ಯಾಪ್‌ಟಾಪಿನ ಪರದೆಯೂ ಮುಸ್ಸಂಜೆಯಲ್ಲಿ ಹತ್ತುವ ಬೆಳಕೇ. ಸೆಟ್ಟಿಂಗಿನ ನೀಲಿ ಪರದೆಯಾದರೋ ತೆರೆದು ನಿಂತೇ ಇರುವಂಥದ್ದು. ಕೈ ಮುಗಿದು ಕಣ್ಣು ಬಿಟ್ಟ ಮೇಲೂ ಅದು ಅಲ್ಲೇ ಇರುತ್ತಿತ್ತು, ಆದ್ದರಿಂದ ಅಂದು ತೊಂದರೆಯಾಗಿರಲಿಲ್ಲ. ಪೆನ್‌ಡ್ರೈವಿನಿಂದ ಏಳಿಸುವಾಗ ಮಾತ್ರ ಎಲ್ಲವೂ ಆ ಕಣ್ಣುಮುಚ್ಚಿದ ಹೊತ್ತಿನಲ್ಲೇ ಬಂದು ಹೋಗುತ್ತಿತ್ತು. ಫೋನಿನ ಚಿತ್ರ ಕಪ್ಪಾದದ್ದೂ ಅದಕ್ಕೇ. "ಈಗ" ಎನ್ನುತ್ತಿದ್ದುದು ಕಣ್ಣು ಬಿಟ್ಟ ಮೇಲೆ.

"ಅಷ್ಟೊತ್ತು ಏನ್ ಹೇಳ್ಕೋತೀರಿ ಅತ್ತೆ?"

"ಚುಂಚನಕಟ್ಟೆ ರಾಮದೇವ್ರು. ಮನೆದೇವ್ರು. ನಿಮ್ಮಾವ." ಕೆಂಪಾಜಮ್ಮ ತುಸು ತಡೆದರು. "ಮೊದ್ಲು ಅಷ್ಟೇಯ ಇದ್ದುದ್ದು. ಈಗ ದೇವರಾಜೂನುವೆ."

ಕೈ ಮುಗಿಯಬೇಡಿ ಎನ್ನುವುದು ವಾಣಿಶ್ರೀಯ ಬಾಯಿಗೆ ಬರಲಿಲ್ಲ. ಹೊರಗೆ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು.

"ಒಂದು ಕೆಲಸ ಮಾಡಣ ಅತ್ತೆ. ನಿಮ್ಮ ಪಾಲಿಂದನ್ನ ನಾನು ಮುಗೀತೀನಿ. ಅದೇ ಹೆಸರು, ಅದೇ ಸಾಲಾಗಿ. ನೀವು ಕಣ್ಣು ಬಿಟ್ಟಿರಿ."

"ನಿಂಗೆ ಬೆಳಕು ಬಂದದ್ದು ಎಂಗೆ ಗೊತ್ತಾದದು?"

"ಫ್ಯಾನು ತಿರುಗಿದ ತಕ್ಷಣ."

ಕೆಂಪಾಜಮ್ಮ ಯೋಚಿಸಿದರು. "ಒಬ್ರ ಪರವಾಗಿ ಇನ್ನೊಬ್ರು ಮುಗೀಬೋದು. ಕಾಯಿಲೆ ಬಿದ್ದೋರಿಗೆ ಮುಗಿಯಾಕಿಲ್ವಾ, ಅಂಗೆ."

ವಾಣಿಶ್ರೀ ಒಂದು ಕೈಯಿಂದ ಗುಂಡಿ ಒತ್ತಿ, ಎರಡೂ ಕೈ ಜೋಡಿಸಿ ಹೆಸರುಗಳನ್ನು ಹೇಳತೊಡಗಿದರು. ಕಡೆಯ ಹೆಸರಿಗೆ ಬರುವ ಮುಂಚೆಯೇ ಕೆಂಪಾಜಮ್ಮ ಅವರ ತೊಡೆಯ ಮೇಲೆ ಕೈ ಹಾಕಿ ಅಮುಕಿದರು. ಫ್ಯಾನು ನಿಂತಿತು.

"ಅದೆ ಕಣೇ. ಎರಡು ಸಾಲು. ಮೇಲೆ ಎಡಗಡೆ ಮೂಲೇಲಿ, ಇರುವೆ ಸಾಲಿನಂಗೆ. ನೋಡ್ತಿದ್ದಂಗೇ ಓಯ್ತು."

"ಬರೆಯೋಕಾಯ್ತದಾ?"

"ಒಂದೇ ಸಲಕ್ಕೆ ಆಗಕಿಲ್ಲ. ಫೋನಿಗೆ 'ಈಗ' ಅನ್ನೋವಷ್ಟೂ ಅದು ನಿಲ್ಲಾಕಿಲ್ಲ. ನಾಕ್ ನಾಕ್ ನೋಡ್ಕತೀನಿ. ಮೊರ ಇತ್ಲಾಗೆ ಇಕ್ಕು."

ಲ್ಯಾಪ್‌ಟಾಪನ್ನು ಎಬ್ಬಿಸುವುದು, ಅದು ಸಾಯುವುದು, ಮತ್ತೆ ಎಬ್ಬಿಸುವುದು. ಪ್ರತಿ ಸಲವೂ ವಾಣಿಶ್ರೀ ಕೈ ಜೋಡಿಸಿದರು, ಕೆಂಪಾಜಮ್ಮ ಕಣ್ಣಿಟ್ಟು ನಾಲ್ಕು ಆಕಾರ ಹಿಡಿದಿಟ್ಟುಕೊಂಡು ಹಿಟ್ಟಿನ ಮೇಲೆ ಎಳೆದರು. ಮೊದಲ ಸಾಲು ಪೂರ್ತಿ ಓದಲು ಆಗಲಿಲ್ಲ. ಎರಡನೆಯದರ ಕೊನೆಯ ಭಾಗವನ್ನು ಹಿಡಿದಾಗ ಒಂದು ಮಾತು ಬೆರಳಿಗೆ ಸಿಕ್ಕಿತು. ಸೆಕ್ಯುರಿಟಿ. ಅದರ ಪಕ್ಕದ್ದು ಪಾಲಿಸಿ. ಅದರಾಚೆಗಿನ ಉದ್ದನೆಯ ಪದವನ್ನು ಅರ್ಧ ಮುಟ್ಟುವಾಗಲೇ ವಾಣಿಶ್ರೀ ಫೋನು ಹುಡುಕಿದರು.

ಮುಬಷೀರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಸಲ ಉಸಿರು ಬಿಟ್ಟರು.

"ಅಕ್ಕ, ಮದರ್‌ಬೋರ್ಡ್ ಗಟ್ಟಿಯಾಗೈತೆ. ತಪ್ಪು ನನ್ನ ಪೆನ್‌ಡ್ರೈವ್‌ದು."

ಅವರು ವಿವರಿಸಿದ್ದು ಇಷ್ಟು. ಈ ಯಂತ್ರಗಳ ಬಾಗಿಲಲ್ಲಿ ಒಂದು ತಪಾಸಣೆ ಇರುತ್ತದೆ. ಹೊರಗಿನಿಂದ ಬರುವ ಯಾವ ವ್ಯವಸ್ಥೆಯೂ ರುಜು ತೋರಿಸಿಯೇ ಒಳಗೆ ಬರಬೇಕು. ಪೆನ್‌ಡ್ರೈವಿನಲ್ಲಿದ್ದ ಹಳೆಯ ಆವೃತ್ತಿಗೂ ರುಜು ಇತ್ತು. ಆದರೆ ಕೆಡುವ ಮೊದಲು ಈ ಲ್ಯಾಪ್‌ಟಾಪು ತರಿಸಿಕೊಂಡಿದ್ದ ಕೊನೆಯ ಅಪ್‌ಡೇಟಿನಲ್ಲಿ ಅಂಥ ಹಳೆಯ ರುಜುಗಳೆಲ್ಲ ರದ್ದಾಗಿದ್ದವು. "ಹಳೇ ಬಸ್ ಪಾಸ್ ಇಟ್ಕಂಡು ಹತ್ತಿದಂಗೆ ಕಣಕ್ಕ. ಪಾಸೇನೋ ನಿಜವಾದದ್ದೇ, ವರ್ಷ ಮುಗಿದೈತೆ. ಕಂಡಕ್ಟರ್ ಕೆಳಗಿಳಿಸ್ತಾವ್ನೆ. ಆ ತಪಾಸಣೇನೇ ಆಫ್ ಮಾಡಿದ್ರೆ ಆಯ್ತು. ಅಂಗೆ ಮಾಡಿದ್ರೆ ಸಿಕ್ಕಸಿಕ್ಕ ಪೆನ್‌ಡ್ರೈವ್ ಹಾಕಬ್ಯಾಡಿ, ಅಷ್ಟೇ."

ಭಾನುವಾರ ಬೆಳಿಗ್ಗೆ ಎಮ್ಮೆ ಕರೆದು ಬಂದು ಇಬ್ಬರೂ ನೀಲಿ ಪರದೆಯ ಮುಂದೆ ಕೂತರು. ತಪಾಸಣೆಯ ಸಾಲನ್ನು ಹಿಟ್ಟಿನಲ್ಲಿ ಮುಟ್ಟಿ ಗುರುತಿಸಿದರು. ಆದರೆ ಬಾಣದ ಕೀಲಿ ಎಷ್ಟು ಒತ್ತಿದರೂ ಆ ಸಾಲಿನ ಮೇಲೆ ನಿಲ್ಲದೆ ಹಾರಿ ಮುಂದಕ್ಕೆ ಹೋಗುತ್ತಿತ್ತು.

"ಅದೊಂದು ಸಾಲು ಮಂಕಾಗದೆ" ಎಂದರು ಕೆಂಪಾಜಮ್ಮ. "ಬೇರೆವೆಲ್ಲ ಬೆಳ್ಳಗವೆ. ಅದು ಬೂದಿ ಬಣ್ಣ."

ಮತ್ತೆ ಹುಣಸೂರಿಗೆ ಫೋನು. ಕೆಲವು ಕಂಪನಿಗಳ ಲ್ಯಾಪ್‌ಟಾಪುಗಳಲ್ಲಿ ಮೊದಲು ಒಂದು ಗುಪ್ತಪದ ಇಟ್ಟರೆ ಮಾತ್ರ ಆ ಸಾಲು ಕೈಗೆ ಸಿಗುತ್ತದೆ ಎಂದು ಮುಬಷೀರ್ ಹೇಳಿದರು. ಮಂಕು ಬಣ್ಣ ಯಾರು ಗುರುತು ಹಿಡಿದದ್ದು ಎಂದು ಕೇಳಿ, "ಅಜ್ಜಿ, ನಮ್ಮಂಗ್ಡಿಗೆ ಬಂದ್ಬುಡಿ, ಪಾಲಿಷ್ ಕೆಲ್ಸಕ್ಕೆ ಇಂಥ ಕಣ್ಣೇ ಬೇಕು" ಎಂದರು.

"ಎಮ್ಮೆ ಯಾರು ನೋಡ್ತಾರೆ, ನಿಮ್ಮಪ್ಪನಾ?" ಎಂದರು ಕೆಂಪಾಜಮ್ಮ.

ಗುಪ್ತಪದಕ್ಕೆ ಏನಿಡುವುದು ಎಂಬ ಪ್ರಶ್ನೆ ಬಂತು. ಇಬ್ಬರೂ ಮರೆಯದಂಥದ್ದಾಗಬೇಕು. ಎಮ್ಮೆಯ ಹೆಸರನ್ನೇ ಇಟ್ಟರು. ನೀಲಿ ಪರದೆಯಿಂದ ಹೊರಬಂದು ಮತ್ತೆ ಒಳಹೊಕ್ಕಾಗ ಮಂಕಾಗಿದ್ದ ಸಾಲು ಬೆಳ್ಳಗಾಗಿದೆ ಎಂದು ಕೆಂಪಾಜಮ್ಮ ಹೇಳಿದರು. ವಾಣಿಶ್ರೀ ಅದರ ಮೇಲೆ ನಿಂತು ತಪಾಸಣೆಯನ್ನು ಆಫ್ ಮಾಡಿದರು. ಸರಿಯಾಯಿತೆಂದು ನಂಬದೆ ಆ ಪದವನ್ನು ಇನ್ನೊಮ್ಮೆ ಹಿಟ್ಟಿನಲ್ಲಿ ಬರೆಸಿಕೊಂಡು ಮುಟ್ಟಿದರು. ಉಳಿಸಿ, ಹೊರಗೆ ಬಂದು, ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದರು.

ಫ್ಯಾನು ತಿರುಗಿತು. ವಾಣಿಶ್ರೀ ಕೈ ಜೋಡಿಸಿ ಹೆಸರುಗಳನ್ನು ಹೇಳಿ ಮುಗಿಸಿದರು. ಫ್ಯಾನು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಸಣ್ಣ ಬೀಪ್ ಕೇಳಿತು.

ಎಸ್, ಎಂಟರ್. ಒಂದು ಗಂಡಸಿನ ದನಿ, ಮೂಗಿನಲ್ಲಿ, ಇಂಗ್ಲಿಷಿನಲ್ಲಿ, ಯಾವ ಭಾಷೆ ಬೇಕೆಂದು ಕೇಳಿತು.

"ಇದ್ಯಾರವ್ವ, ನೆಗಡಿ ಆಗಿರೋನು?" ಎಂದರು ಕೆಂಪಾಜಮ್ಮ.

ವಾಣಿಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು ಕೀಲಿಮಣೆಯ ಮೇಲೆ ಬೆರಳಿಟ್ಟರು. ಅಲ್ಲಿಂದ ಮುಂದಕ್ಕೆ ಅವರಿಗೆ ಯಾರೂ ಏನನ್ನೂ ಓದಿ ಹೇಳಬೇಕಾಗಲಿಲ್ಲ. ಕೆಂಪಾಜಮ್ಮ ಮೊರದ ಹಿಟ್ಟನ್ನು ಜರಡಿ ಹಿಡಿದು ಡಬ್ಬಿಗೆ ಸುರಿದುಕೊಂಡು ಮುದ್ದೆಗೆ ಎಸರಿಟ್ಟರು. ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪು ಕನ್ನಡ ಓದುತ್ತಿತ್ತು. ಒತ್ತಕ್ಷರಗಳಲ್ಲಿ ಎಡವುತ್ತಿತ್ತು, ಹಳೆಯ ದನಿಯಷ್ಟು ಸಲೀಸಲ್ಲ. ಅದಕ್ಕೆ ಕಿವಿ ಒಗ್ಗಲು ದಿನ ಹಿಡಿಯುತ್ತದೆ ಎಂದು ವಾಣಿಶ್ರೀಗೆ ಗೊತ್ತಿತ್ತು.

ಮಾರನೆ ದಿನ, ಕಾರ್ತಿಕದ ಕಡೇ ಸೋಮವಾರ, ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಕೆ.ಆರ್.ನಗರಕ್ಕೆ ಹೋದರು. ನಂಜಣ್ಣನವರ ಕೋಣೆಯಲ್ಲಿ ಚಂದು ಪ್ರಿಂಟರ್ ಸಮೇತ ಬಂದು ಬಾಗಿಲಲ್ಲಿ ನಿಂತಿದ್ದ. ವಾಣಿಶ್ರೀ ಲ್ಯಾಪ್‌ಟಾಪನ್ನು ಆನ್ ಮಾಡಿ, ನಂಜಣ್ಣ ಹೇಳಿದ ನಾಲ್ಕು ಸಾಲು ಹೊಡೆದು ತೋರಿಸಿದರು. ನಂಜಣ್ಣ ತೃಪ್ತರಾದಂತೆ ಕಾಣಲಿಲ್ಲ. ಕೈ ಚಾಚಿ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆಫ್ ಮಾಡಿದರು.

"ನಿಂತೋಯ್ತು. ಈಗೇನ್ ಮಾಡ್ತೀಯ?"

ಅರ್ಧಕ್ಕೆ ಆಫ್ ಮಾಡಿದ್ದರಿಂದ ಲ್ಯಾಪ್‌ಟಾಪು ಏಳಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ವಾಣಿಶ್ರೀ ಫ್ಯಾನಿನ ಮೇಲೆ ಅಂಗೈ ಇಟ್ಟು ಕಾದರು. ದನಿ ಬರಲಿಲ್ಲ. ವಾಣಿಶ್ರೀ ಗಾಬರಿಯಾಗದೆ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿ, ಮತ್ತೆ ಆನ್ ಮಾಡಿ, ಬೀಪಿಗೆ ಕಾದು, ಎಸ್ ಒತ್ತಿದರು. ಮೂಗಿನ ದನಿ ಮಾತಾಡಿತು. ಅದು ಹೇಳಿದ್ದನ್ನು ಕೇಳಿಕೊಂಡು, ರಿಪೇರಿಯ ಸಾಲು ಆರಿಸಿ, ಡಿಸ್ಕನ್ನು ಸರಿಪಡಿಸಿ, ಪೆನ್‌ಡ್ರೈವ್ ತೆಗೆದು ಮತ್ತೊಮ್ಮೆ ಏಳಿಸಿದರು. ಆಗ ಕನ್ನಡ ಬಂತು. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ಬೆಂಚಿನ ಮೇಲೆ ಕೂತಿದ್ದರು.

ನಂಜಣ್ಣ ಕೆಂಪಾಜಮ್ಮನತ್ತ ತಿರುಗಿದರು. "ಅಲ್ಲ ಕೆಂಪಾಜಮ್ಮ, ದಿನಾ ನೀವು ಬಂದು ಕಾಯ್ತೀರಾ?"

"ನಾನ್ಯಾಕೆ ಕಾಯ್ಲಿ? ಈಗ ನಾನೇನಾರ ಮುಟ್ಟಿದ್ನಾ?"

ನಂಜಣ್ಣ ಚಂದುವಿನ ಕಡೆ ನೋಡಿ ತಲೆಯಾಡಿಸಿದರು. ಅವನು ಪ್ರಿಂಟರನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ಎದ್ದು ಬಂದು, ಭಾಗದ ಪತ್ರ ಆಗಬೇಕು ಎಂದು ಹೇಳತೊಡಗಿದರು.

ಮಂಗಳವಾರದಿಂದ ವಾಣಿಶ್ರೀ ಮಿರ್ಲೆಯಿಂದ ಒಬ್ಬರೇ ಬಸ್ಸಿನಲ್ಲಿ ಬರುತ್ತಾರೆ.